1893ರ ಕಟ್ಟಡದಲ್ಲಿ 2019ರ ಕಥೆ: ಸೈ-ಫೈ ಸಿನಿಮಾಗೆ ಸೆಟ್ ಬೇಕಾ, ನಿಜವಾದ ಜಾಗ ಬೇಕಾ?

[ಪರದೆಯ ಮೇಲೆ: ಬ್ರಾಡ್‌ಬರಿ ಬಿಲ್ಡಿಂಗ್‌ನ ಒಳಭಾಗ. ಕ್ಯಾಮೆರಾ ನಿಧಾನಕ್ಕೆ ಮೇಲಕ್ಕೆ ಹೋಗುತ್ತದೆ]

ನಮಸ್ಕಾರ. ಈ ಕಟ್ಟಡವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಇದು ಲಾಸ್ ಏಂಜಲೀಸ್‌ನಲ್ಲಿದೆ, ಹೆಸರು ಬ್ರಾಡ್‌ಬರಿ ಬಿಲ್ಡಿಂಗ್. ಕಟ್ಟಿದ್ದು 1893ರಲ್ಲಿ. ಮಧ್ಯದಲ್ಲಿ ನಮ್ಮ ತೊಟ್ಟಿಮನೆ ಥರ ಅಂಗಳ, ಸುತ್ತ ಐದು ಅಂತಸ್ತು, ಮೇಲೆ ಗಾಜಿನ ಚಾವಣಿ. ಮೆಟ್ಟಿಲ ಪಕ್ಕ ಎರಕದ ಕಬ್ಬಿಣದ ಕಟಕಟೆ. ಲಿಫ್ಟಿಗೆ ಗೋಡೆಯೇ ಇಲ್ಲ, ಬರೀ ಕಂಬಿ.

1982ರಲ್ಲಿ 'ಬ್ಲೇಡ್ ರನ್ನರ್' ಬಂತು. ಅದರ ಕಥೆ ನಡೆಯುವುದು 2019ರಲ್ಲಿ. ಹಾರುವ ಕಾರುಗಳು, ಮನುಷ್ಯರ ಹಾಗೇ ಕಾಣುವ ರೆಪ್ಲಿಕೆಂಟ್‌ಗಳು, ಎಲ್ಲಾ ಇವೆ. ಅಂಥ ಸಿನಿಮಾದಲ್ಲಿ ಒಂದು ಮುಖ್ಯ ಪಾತ್ರದ ಮನೆ ಇರುವುದು ಈ ಹಳೇ ಕಟ್ಟಡದಲ್ಲಿ! ನಿರ್ದೇಶಕ ರಿಡ್ಲಿ ಸ್ಕಾಟ್ ಹೊಸ ಕಟ್ಟಡದ ಸೆಟ್ ಹಾಕಿಸಬಹುದಿತ್ತು. ಯಾಕೆ ಹಾಕಿಸಲಿಲ್ಲ?

ಹಗಲು ಇಲ್ಲಿ ಆಫೀಸುಗಳು ನಡೆಯುತ್ತಿದ್ದವು. ಹಾಗಾಗಿ ಶೂಟಿಂಗ್ ರಾತ್ರಿ. ಚೊಕ್ಕವಾಗಿದ್ದ ನೆಲದ ಮೇಲೆ ಕಸ ಹರಡಿದರು, ನೀರು ಸುರಿದರು, ಹೊಗೆ ಬಿಟ್ಟರು. ಗಾಜಿನ ಚಾವಣಿಯ ಮೇಲಿಂದ ಜೋರಾದ ಬೆಳಕು ಹಾಯುತ್ತಾ ಹೋಗುವ ಹಾಗೆ ಮಾಡಿದರು. ಮೇಲೆ ಯಾವುದೋ ಜಾಹೀರಾತು ವಿಮಾನ ಸಾಗುತ್ತಿದೆ ಅಂತ ನಮಗೆ ಅನಿಸಬೇಕು. ಬೆಳಗಾಗುವಷ್ಟರಲ್ಲಿ ಮತ್ತೆ ಎಲ್ಲಾ ಗುಡಿಸಿ ಒರೆಸಬೇಕು.

ಇಷ್ಟೆಲ್ಲಾ ಕಷ್ಟಪಟ್ಟಿದ್ದಕ್ಕೆ ಸಿಕ್ಕಿದ್ದೇನು? ನನ್ನ ಪ್ರಕಾರ, ವಯಸ್ಸು. ಯಾವ ಊರೂ ಒಂದೇ ದಿನದಲ್ಲಿ ಪೂರ್ತಿ ಹೊಸದಾಗುವುದಿಲ್ಲ. ಭವಿಷ್ಯದಲ್ಲೂ ಅಜ್ಜನ ಕಾಲದ ಕಟ್ಟಡಗಳು ಇರುತ್ತವೆ, ಸೋರುತ್ತವೆ, ಅದರಲ್ಲೇ ಯಾರೋ ಬಾಡಿಗೆಗೆ ಇರುತ್ತಾರೆ. ಎಲ್ಲವನ್ನೂ ಹೊಸದಾಗಿ ಕಟ್ಟಿ ತೋರಿಸುವ ಸೈ-ಫೈ ಸಿನಿಮಾಗಳಲ್ಲಿ ನನಗೆ ಕಾಣದೇ ಹೋಗುವುದು ಇದೇ. ಅಲ್ಲಿ ಯಾರೂ ಮೊದಲು ಬದುಕಿದ್ದ ಗುರುತೇ ಇರುವುದಿಲ್ಲ.

[ಪರದೆಯ ಮೇಲೆ: ಮಳೆ, ಹೊಗೆ, ನಿಯಾನ್ ದೀಪದ ಬೀದಿ]

ಹಾಗಂತ ಆ ಸಿನಿಮಾ ಪೂರ್ತಿ ನಿಜವಾದ ಜಾಗದಲ್ಲಿ ತೆಗೆದದ್ದಲ್ಲ. ಈ ಬೀದಿ ಇರುವುದು ಬರ್ಬ್ಯಾಂಕ್‌ನ ವಾರ್ನರ್ ಸ್ಟುಡಿಯೋ ಒಳಗೆ. ನ್ಯೂಯಾರ್ಕ್ ಬೀದಿ ಅಂತ ಯಾವತ್ತೋ ಕಟ್ಟಿದ್ದ ಹಳೇ ಸೆಟ್ಟು. ಡಿಸೈನರ್ ಸಿಡ್ ಮೀಡ್ ಮತ್ತು ಕಲಾ ತಂಡದವರು ಅದನ್ನು ಕೆಡವಲಿಲ್ಲ. ಅದರ ಮೈಮೇಲೇ ಪೈಪು, ವೈರು, ಗಾಳಿ ಕೊಳವೆ, ಬೋರ್ಡು ಎಲ್ಲಾ ಏರಿಸಿದರು. ಹಳೇ ಕಟ್ಟಡಕ್ಕೆ ಹೊಸ ತಂತ್ರಜ್ಞಾನದ ತೇಪೆ. ಇನ್ನು ಆ ರಾತ್ರಿ, ಆ ಮಳೆ? ಅದು ಬರೀ ಮೂಡ್‌ಗೆ ಅಂದುಕೊಳ್ಳಬೇಡಿ. ಹಿಂದೆ ಇರುವ ಸ್ಟುಡಿಯೋ ಕಾಣಬಾರದಲ್ವಾ!

ನನಗೆ ತುಂಬಾ ಇಷ್ಟವಾದ ಭಾಗ ಇನ್ನೂ ಬಾಕಿ ಇದೆ. ನಾಯಕ ಡೆಕಾರ್ಡ್‌ನ ಮನೆ.

[ಪರದೆಯ ಮೇಲೆ: ಎನಿಸ್ ಹೌಸ್‌ನ ಕಾಂಕ್ರೀಟ್ ಬ್ಲಾಕ್, ತೀರಾ ಹತ್ತಿರದಿಂದ]

ಲಾಸ್ ಏಂಜಲೀಸ್‌ನ ಗುಡ್ಡವೊಂದರ ಮೇಲೆ ಎನಿಸ್ ಹೌಸ್ ಇದೆ. ಫ್ರಾಂಕ್ ಲಾಯ್ಡ್ ರೈಟ್ ಅವರ ವಿನ್ಯಾಸ, 1924ರದ್ದು. ಇಡೀ ಮನೆಯನ್ನು ಚಿತ್ತಾರವಿರುವ ಕಾಂಕ್ರೀಟ್ ಬ್ಲಾಕ್‌ಗಳಿಂದ ಕಟ್ಟಿದ್ದಾರೆ. ಒಂದೊಂದು ಬ್ಲಾಕ್ 16 ಇಂಚು ಚೌಕ. ಹತ್ತಿರ ಹೋದರೆ ಚೌಕದೊಳಗೆ ಚೌಕ, ಮೂಲೆಯಲ್ಲಿ ತಿರುವು, ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಗೆರೆಗೂ ಒಂದು ನೆರಳು.

ಡೆಕಾರ್ಡ್ ಮನೆಯ ಹೊರಭಾಗಕ್ಕೆ ಈ ಮನೆಯನ್ನೇ ಬಳಸಿದರು. ಒಳಭಾಗಕ್ಕೆ ಮಾತ್ರ ಬೇರೆ ದಾರಿ ಹಿಡಿದರು. ಈ ಬ್ಲಾಕ್‌ಗಳ ಅಚ್ಚು ತೆಗೆದುಕೊಂಡು ಹೋಗಿ, ಸ್ಟುಡಿಯೋದಲ್ಲಿ ಅದೇ ಚಿತ್ತಾರದ ಗೋಡೆ ಎಬ್ಬಿಸಿದರು! ಗೋಡೆಯ ಮೇಲಿನ ಗೆರೆ ಒಬ್ಬ ದೊಡ್ಡ ವಾಸ್ತುಶಿಲ್ಪಿಯದ್ದು. ಗೋಡೆ ಎಲ್ಲಿ ನಿಲ್ಲಬೇಕು, ಸೀಲಿಂಗ್ ಎಷ್ಟು ತಗ್ಗಿರಬೇಕು ಅನ್ನುವುದು ಸಿನಿಮಾದವರ ಕೈಯಲ್ಲಿ. ಸೆಟ್ಟಾ, ಲೊಕೇಶನ್ನಾ ಅಂತ ಜಗಳ ಆಡುವವರಿಗೆ ನಾನು ಮೊದಲು ತೋರಿಸುವುದೇ ಈ ಮನೆಯನ್ನು.

ಆದರೆ ಕೆಲವು ಕಥೆಗಳಿಗೆ ಭೂಮಿಯ ಮೇಲೆ ಜಾಗವೇ ಸಿಗುವುದಿಲ್ಲ.

[ಪರದೆಯ ಮೇಲೆ: ದೊಡ್ಡ ಚಕ್ರದ ರೇಖಾಚಿತ್ರ. ಚಕ್ರ ತಿರುಗುತ್ತದೆ, ಮನುಷ್ಯ ತಳದಲ್ಲೇ ನಡೆಯುತ್ತಾನೆ]

1968ರ '2001: ಎ ಸ್ಪೇಸ್ ಒಡಿಸ್ಸಿ'. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್. ಆಕಾಶನೌಕೆಯೊಳಗೆ ಗುಂಡಗೆ ಬಾಗಿರುವ ನೆಲದ ಮೇಲೆ ಜನ ಓಡಾಡಬೇಕು. ಅದಕ್ಕಾಗಿ ಲಂಡನ್ ಹತ್ತಿರದ ಬೋರ್‌ಹ್ಯಾಮ್‌ವುಡ್ ಸ್ಟುಡಿಯೋದಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯಿಂದ ಒಂದು ಚಕ್ರ ಕಟ್ಟಿಸಿದರು. ಅಡ್ಡಳತೆ 38 ಅಡಿ. ಖರ್ಚು ಸುಮಾರು ಏಳೂವರೆ ಲಕ್ಷ ಡಾಲರ್, ಅದೂ ಆ ಕಾಲದಲ್ಲಿ!

ಒಂದು ಶಾಟ್ ಹೇಳುತ್ತೇನೆ. ಒಬ್ಬ ಗಗನಯಾತ್ರಿ ಟೇಬಲ್ ಮುಂದೆ ಕೂತು ಊಟ ಮಾಡುತ್ತಿದ್ದಾನೆ. ಇನ್ನೊಬ್ಬ ಏಣಿ ಇಳಿದು, ಆ ಬಾಗಿದ ನೆಲದ ಮೇಲೆ ನಡೆದು ಅವನ ಹತ್ತಿರ ಬರುತ್ತಾನೆ. ನೋಡುವಾಗ ಏನೂ ವಿಶೇಷ ಅನಿಸುವುದಿಲ್ಲ. ನಿಜಕ್ಕೂ ಆಗಿದ್ದೇನು ಗೊತ್ತಾ? ಊಟಕ್ಕೆ ಕೂತ ನಟ ಗ್ಯಾರಿ ಲಾಕ್‌ವುಡ್ ಚಕ್ರದ ಮೇಲ್ತುದಿಯಲ್ಲಿ ತಲೆಕೆಳಗಾಗಿದ್ದರು, ಕುರ್ಚಿಗೆ ಬೆಲ್ಟ್ ಬಿಗಿದುಕೊಂಡು. ಏಣಿ ಇಳಿದ ಕಿಯರ್ ಡುಲ್ಲೆ ತಳದಲ್ಲಿ ನಡೆಯುತ್ತಲೇ ಇದ್ದರು. ಚಕ್ರ ತಿರುಗುತ್ತಾ ಲಾಕ್‌ವುಡ್ ಅವರನ್ನು ಕೆಳಗೆ ತಂದಿತು. ಕುಬ್ರಿಕ್ ಹೊರಗೆ ಕೂತು ಟಿವಿ ಪರದೆಯಲ್ಲಿ ನೋಡುತ್ತಾ ಸೂಚನೆ ಕೊಡುತ್ತಿದ್ದರು.

ಇದನ್ನು ಯಾವ ಊರಿಗೆ ಹೋಗಿ ತೆಗೆಯಲು ಸಾಧ್ಯ? ನಮ್ಮ ತೂಕ, ನಮ್ಮ ಮೇಲು-ಕೆಳಗು ಬೇರೆಯೇ ಆಗಬೇಕಾದಾಗ ಸೆಟ್ ಬಿಟ್ಟರೆ ಗತಿಯಿಲ್ಲ.

[ಪರದೆಯ ಮೇಲೆ: ಹೆದ್ದಾರಿ, ಸುರಂಗ, ಮೇಲ್ಸೇತುವೆ]

ನಿಜವಾದ ಜಾಗಕ್ಕೂ ಒಂದು ಅಪಾಯ ಇದೆ. 1972ರ 'ಸೊಲಾರಿಸ್' ಸಿನಿಮಾದಲ್ಲಿ ಸೋವಿಯತ್ ನಿರ್ದೇಶಕ ತಾರ್ಕೋವ್‌ಸ್ಕಿ ಭವಿಷ್ಯದ ನಗರ ಅಂತ ತೋರಿಸಿದ್ದು ಆಗಿನ ಟೋಕಿಯೋ ರಸ್ತೆಗಳನ್ನು. ಕಾರು ಸುಮ್ನೆ ಹೋಗುತ್ತಲೇ ಇರುತ್ತದೆ, ನಿಮಿಷಗಟ್ಟಲೆ. ಅವತ್ತಿನ ಸೋವಿಯತ್ ಪ್ರೇಕ್ಷಕರಿಗೆ ಅದು ಬೇರೆ ಲೋಕ. ಇವತ್ತು ದಿನಾ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಕೆಲಸಕ್ಕೆ ಹೋಗುವವರಿಗೆ? ಅದೇ ಟ್ರಾಫಿಕ್ಕು, ಅದೇ ಸೇತುವೆ. ಆದರೂ ಆ ದೃಶ್ಯ ನನ್ನನ್ನು ಹಿಡಿದು ಕೂರಿಸುತ್ತದೆ. ಯಾಕಂದರೆ ಕೆಲಸ ಮಾಡುತ್ತಿರುವುದು ರಸ್ತೆಯಲ್ಲ, ಅದನ್ನು ಅಷ್ಟು ಹೊತ್ತು ನೋಡಿಸುವ ಹಟ, ಮತ್ತು ಅದರ ಹಿಂದಿನ ವಿಚಿತ್ರ ಸದ್ದು.

ಈಗ ಎಲ್‌ಇಡಿ ಗೋಡೆ, ಅಂದರೆ ನಟರ ಹಿಂದೆ ಬೇಕಾದ ಜಾಗವನ್ನು ತೋರಿಸುವ ದೊಡ್ಡ ಪರದೆ ಬಂದಿದೆ, ಇನ್ನು ಮರುಭೂಮಿಗೆ ಯಾರು ಹೋಗುತ್ತಾರೆ ಅಂತ ಕೇಳುವವರಿದ್ದಾರೆ. ಹಿನ್ನೆಲೆಯನ್ನು ಸ್ಟುಡಿಯೋಗೆ ತರುವ ಆಸೆ ಹೊಸದಲ್ಲ. '2001'ರಲ್ಲಿ ಆದಿಮಾನವರ ದೃಶ್ಯಗಳನ್ನು ತೆಗೆದದ್ದು ಇಂಗ್ಲೆಂಡಿನ ಸ್ಟುಡಿಯೋದಲ್ಲೇ. ಹಿಂದೆ ಕಾಣುವ ಆಫ್ರಿಕಾ, ಪರದೆಯ ಮೇಲೆ ಬಿಟ್ಟ ಫೋಟೋ. ಆ ಫೋಟೋ ತೆಗೆಯಲು ಒಂದು ತಂಡ ಈಗಿನ ನಮೀಬಿಯಾಗೆ ಹೋಗಬೇಕಾಯಿತು.

[ಪರದೆಯ ಮೇಲೆ: ಟುನೀಶಿಯಾ ನಕ್ಷೆ, ಎರಡು ಚುಕ್ಕೆ. ಆಮೇಲೆ ಇಂಗ್ಲೆಂಡ್, ಮೂರನೇ ಚುಕ್ಕೆ]

ಕೊನೆಗೆ ನಿಮಗೊಂದು ಕೆಲಸ. 1977ರ 'ಸ್ಟಾರ್ ವಾರ್ಸ್'ನಲ್ಲಿ ನಾಯಕ ಲ್ಯೂಕ್‌ನ ಮನೆ ಇದೆಯಲ್ಲ, ಅದನ್ನು ಮತ್ತೆ ನೋಡಿ. ಬಯಲಲ್ಲಿ ಕಾಣುವ ಬಿಳೀ ಗುಮ್ಮಟ ಟುನೀಶಿಯಾದ ಶೊಟ್ ಎಲ್ ಜೆರಿದ್ ಉಪ್ಪು ಬಯಲಿನಲ್ಲಿ ಹಾಕಿದ ಸೆಟ್. ಅಂಗಳ ಮತ್ತು ಊಟದ ಕೋಣೆ ಮಟ್ಮಾಟಾ ಊರಿನಲ್ಲಿ ನೆಲದೊಳಗೆ ಕೊರೆದ ನಿಜವಾದ ಮನೆ. ಈಗಲೂ ಅದು ಸಿದಿ ದ್ರಿಸ್ ಅನ್ನುವ ಹೋಟೆಲ್. ಅವೆರಡರ ನಡುವೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ರೋಬೋಟ್‌ಗಳನ್ನು ತೊಳೆಯುವ ಗ್ಯಾರೇಜು ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ. ಲ್ಯೂಕ್ ಒಂದು ಜಾಗದಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ಬೆಳಕು ಎಲ್ಲಿ ಬದಲಾಯಿತು, ಗೋಡೆಯ ಮೈ ಎಲ್ಲಿ ಬದಲಾಯಿತು, ನಿಮಗೆ ಕಂಡಿದ್ದನ್ನು ಕೆಳಗೆ ಬರೆಯಿರಿ. ನಾನು ಓದುತ್ತೇನೆ.