ಗಂಡಿಪೇಟೆಯ ನೀರು

ಕೇಳುಗರೇ, ನಮಸ್ಕಾರ.

ವಿಶ್ವೇಶ್ವರಯ್ಯ ಅಂದ ಕೂಡಲೇ ಎಲ್ಲರಿಗೂ ಕನ್ನಂಬಾಡಿ ನೆನಪಾಗುತ್ತದೆ, ಅಲ್ವಾ? ಅದಕ್ಕೂ ಮೊದಲು ಅವರು ಹೈದರಾಬಾದಿನಲ್ಲಿ ಕೆಲಸ ಮಾಡಿದ್ದರು. ಆಗ ನಮ್ಮ ಕಲಬುರಗಿ, ಬೀದರಿಗೆಲ್ಲ ಹೈದರಾಬಾದೇ ರಾಜಧಾನಿ.

1908ರ ಸೆಪ್ಟೆಂಬರ್ ಕೊನೆ. ಹೈದರಾಬಾದಿನ ಹತ್ತಿರದ ಶಂಶಾಬಾದಿನಲ್ಲಿ ಒಂದೇ ದಿನ ಹೆಚ್ಚುಕಡಿಮೆ 13 ಅಂಗುಲ ಮಳೆ ಸುರಿಯಿತು. ಮೇಲಿನ ಕೆರೆ ಒಡೆದರೆ ಆ ನೀರೆಲ್ಲ ಕೆಳಗಿನ ಕೆರೆಯ ಏರಿಗೆ ಬಡಿಯುತ್ತದೆ, ಅದೂ ಒಡೆಯುತ್ತದೆ. ಹೀಗೆ ಒಡೆದದ್ದು 221 ಕೆರೆ! ಮೂಸಿ ನದಿ ಹೈದರಾಬಾದಿನೊಳಗೆ ನುಗ್ಗಿ ಸಾವಿರಾರು ಜನ ಸತ್ತರು. ಒಂದು ಹುಣಸೆ ಮರ ಹತ್ತಿ ಸುಮಾರು 150 ಜನ ಉಳಿದುಕೊಂಡರಂತೆ. ಆ ಮರ ಇರುವುದು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ.

1909ರಲ್ಲಿ ವಿಶ್ವೇಶ್ವರಯ್ಯನವರು ಬಂದರು. ಊರಿಗೆ ಗೋಡೆ ಕಟ್ಟಿದರೆ ಸಾಲದು, ನೀರನ್ನು ಮೇಲೆಯೇ ಹಿಡಿಯಬೇಕು ಅಂದರು. ಮೂಸಿಗೆ ಗಂಡಿಪೇಟೆಯ ಹತ್ತಿರ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಮೂಸಿಗೆ ಸೇರುವ ಈಸಿ ಹೊಳೆಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿ. ಉಸ್ಮಾನ್ ಸಾಗರ ಎತ್ತರದಲ್ಲಿದೆ. ಹಾಗಾಗಿ ಪಂಪಿಲ್ಲದೆ, ಇಳಿಜಾರಿನಲ್ಲೇ ನೀರು ಆಸಿಫ್ ನಗರದ ಶುದ್ಧೀಕರಣ ಘಟಕಕ್ಕೆ ಹರಿದು ಬರುತ್ತಿತ್ತು. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಅನ್ನೋ ಮಾತು ಸುಮ್ನೆ ಹುಟ್ಟಲಿಲ್ಲ.

ನನಗೆ ಇದರಲ್ಲಿ ಕುತೂಹಲ ಅನ್ನಿಸೋದು ಒಂದೇ. ನೆರೆ ತಡೆಯಬೇಕಾದರೆ ಕೆರೆಯಲ್ಲಿ ಜಾಗ ಖಾಲಿ ಇರಬೇಕು. ಕುಡಿಯಲು ಬೇಕಾದರೆ ತುಂಬಿರಬೇಕು. ಎರಡನ್ನೂ ಒಂದೇ ಕೆರೆಯಿಂದ ಕೇಳಿದರೆ ಗೇಟು ನೋಡಿಕೊಳ್ಳುವವರ ಪಾಡೇನು? ಬೇಗ ತೆರೆದರೆ ಬೇಸಿಗೆಗೆ ನೀರು ಕಮ್ಮಿ. ತಡವಾದರೆ ಕೆಳಗಿನ ಓಣಿಗಳಿಗೆ ನೀರು. 2020ರ ಅಕ್ಟೋಬರಿನಲ್ಲಿ ಇಲ್ಲಿ ಭೀಮೆ ಉಕ್ಕಿ ನಮ್ಮ ಹಳ್ಳಿಗಳು ಮುಳುಗಿದ ದಿನಗಳಲ್ಲೇ ಅಲ್ಲಿ ಹಿಮಾಯತ್ ಸಾಗರದ ಗೇಟುಗಳನ್ನೂ ಎತ್ತಬೇಕಾಯಿತು.

ಊರು ಬೆಳೆದಂತೆ ಈ ಎರಡೇ ಕೆರೆ ಸಾಲಲಿಲ್ಲ. ಬೀದರ ಜಿಲ್ಲೆ ದಾಟಿ ಹೋಗುವ ಮಾಂಜ್ರಾ ನದಿಯ ನೀರು ಹೈದರಾಬಾದಿಗೆ ಬಂತು, ಆಮೇಲೆ ಕೃಷ್ಣೆಯದೂ ಬಂತು. ಹಾಗಂತ ಹಳೆಯ ಕೆರೆಗಳನ್ನು ಮರೆಯುವ ಹಾಗಿಲ್ಲ. ಅವುಗಳ ಸುತ್ತ 10 ಕಿಲೋಮೀಟರ್ ಒಳಗೆ ದೊಡ್ಡ ಕಟ್ಟಡ, ಕಾರ್ಖಾನೆ ಬೇಡ ಅಂತ 1996ರಲ್ಲಿ ಸರ್ಕಾರ ಆದೇಶ ಮಾಡಿತ್ತು. 2022ರಲ್ಲಿ ಆ ನಿರ್ಬಂಧ ತೆಗೆಯಲು ಹೊರಟಿತು. ಕುಡಿಯೋ ನೀರು ಬೇರೆ ಕಡೆಯಿಂದ ಬರುತ್ತಿದೆ ಅನ್ನೋದು ಅದಕ್ಕೆ ಕೊಟ್ಟ ಕಾರಣ. ನನಗಂತೂ ಇದು ಅರ್ಧ ಲೆಕ್ಕ ಅನ್ನಿಸುತ್ತದೆ. ಕುಡಿಯೋ ನೀರು ಕೃಷ್ಣೆಯಿಂದ ತರಬಹುದು, ಸರಿ. ಮೂಸಿಯ ನೆರೆಯನ್ನು ಹಿಡಿಯೋಕೆ ಇನ್ನೊಂದು ಗಂಡಿಪೇಟೆ ಎಲ್ಲಿಂದ ತರೋದು?