ಹೋಟೆಲಿನ ಅಸಲಿ ತಿಳಿವಳಿಕೆ ಯಾರ ಕೈಯಲ್ಲಿದೆ?

[ದೃಶ್ಯ: ಹಿಟ್ಟು ನಾದುವ ಕೈಗಳು, ತೀರಾ ಹತ್ತಿರದಿಂದ]

1985, ಜಪಾನಿನ ಒಸಾಕಾ. ಮನೆಯಲ್ಲೇ ಬ್ರೆಡ್ ಮಾಡೋ ಯಂತ್ರಕ್ಕಾಗಿ ಮತ್ಸುಶಿತಾ ಕಂಪನಿಯವರು ಒದ್ದಾಡ್ತಾ ಇದ್ರು. ಬ್ರೆಡ್ ಹೊರಗೆ ಸೀದು ಹೋಗೋದು, ಒಳಗೆ ಬೇಯ್ತಾನೇ ಇರಲಿಲ್ಲ. ಹಿಟ್ಟಿನ ಎಕ್ಸ್‌ರೇ ತೆಗೆದು ನೋಡಿದ್ರೂ ಕಾರಣ ಸಿಗಲಿಲ್ಲ. ಆಗ ಕಂಪನಿಯ ಇಕುಕೊ ತನಾಕಾ, ಒಳ್ಳೆ ಬ್ರೆಡ್‌ಗೆ ಹೆಸರಾಗಿದ್ದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲ್‌ಗೆ ಹೋಗಿ, ಮುಖ್ಯ ಬೇಕರ್ ಹತ್ತಿರ ಕೆಲಸ ಕಲಿಯೋಕೆ ನಿಂತ್ರು. ಒಂದು ದಿನ ಕಣ್ಣಿಗೆ ಬಿತ್ತು: ಆ ಬೇಕರ್ ಹಿಟ್ಟನ್ನ ಬರೀ ನಾದ್ತಿರಲಿಲ್ಲ, ಎಳೆದು ತಿರುಚ್ತಿದ್ರು. ಆ ತಿರುಚು ಯಂತ್ರಕ್ಕೆ ಬಂದ ಮೇಲೇ ಬ್ರೆಡ್ ಸರಿಯಾಗಿದ್ದು.

ಈ ಪ್ರಸಂಗವನ್ನ 1991ರಲ್ಲಿ ಬರೆದವರು ಜಪಾನಿನ ಮ್ಯಾನೇಜ್‌ಮೆಂಟ್ ವಿದ್ವಾಂಸ ಇಕುಜಿರೊ ನೊನಾಕಾ. ಕೈಗೆ ಗೊತ್ತು, ಬಾಯಲ್ಲಿ ಹೇಳೋಕೆ ಬರಲ್ಲ ಅನ್ನೋ ತಿಳಿವಳಿಕೆ ಬಗ್ಗೆ ಅವರ ಮಾತು. ಹೋಟೆಲ್ ನಡೆಯೋದೇ ಅದರ ಮೇಲೆ.

[ದೃಶ್ಯ: ರೂಮು, ಕುರ್ಚಿ ಮೇಲೆ ಒಂದು ದಿಂಬು]

ಅತಿಥಿ ಒಂದು ದಿಂಬನ್ನ ತೆಗೆದು ಕುರ್ಚಿ ಮೇಲಿಟ್ಟಿದ್ದಾರೆ. ಹೌಸ್‌ಕೀಪಿಂಗ್‌ನ ಅನುಭವಿ ಹೆಂಗಸು ನೋಡಿದ ತಕ್ಷಣ ಅರ್ಥ ಮಾಡ್ಕೊಂಡು, ಹಾಸಿಗೆ ಮೇಲೆ ಒಂದೇ ದಿಂಬು ಹಾಕ್ತಾರೆ. ಮರುದಿನ ಅವರಿಗೆ ವಾರದ ರಜೆ. ಹೊಸಬರು ಬಂದು, ನಿಯಮದ ಪ್ರಕಾರ ಎರಡೂ ಜೋಡಿಸಿ ಹೋಗ್ತಾರೆ. ಹೊಸಬರದ್ದು ತಪ್ಪಿಲ್ಲ. ಒಬ್ಬರಿಗೆ ಗೊತ್ತಾಗಿದ್ದು ಹೋಟೆಲಿಗೆ ಗೊತ್ತಾಗಲಿಲ್ಲ, ಅಷ್ಟೆ. ಜನ ಪದೇ ಪದೇ ಕೆಲಸ ಬಿಡೋ ಉದ್ಯಮ ಇದು. ಇಂಥವರು ಹೊರಟ್ರೆ ಎಷ್ಟು ಹೋಗತ್ತೆ, ಯೋಚಿಸಿ!

ತರಬೇತಿ ಅಂದ್ರೆ ಸೇರಿದ ಮೊದಲ ವಾರದ ಪಾಠ ಅಂತ ಎಷ್ಟೋ ಕಡೆ ಅಂದ್ಕೊಂಡಿದ್ದಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಇನ್ನೊಂದು ನೋಡಿ. ರೂಮಿಂದ ಫೋನು: “ಟವೆಲ್ ಇಲ್ಲ.” ಓಡಿಹೋಗಿ ಕೊಟ್ರೆ ದೂರು ಮುಗೀತು. ಸಂಸ್ಥೆಗಳು ಹೇಗೆ ಕಲಿಯತ್ವೆ ಅಂತ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಕ್ರಿಸ್ ಆರ್ಗೈರಿಸ್ ಇದನ್ನ ಒಂದು ಸುತ್ತಿನ ಕಲಿಕೆ ಅಂದ್ರು. ದಿನಾ ಮಧ್ಯಾಹ್ನ ಇದೇ ಫೋನು ಯಾಕೆ ಬರತ್ತೆ? ಲಾಂಡ್ರಿಯಿಂದ ಬಟ್ಟೆ ಬರೋ ಹೊತ್ತು ತಪ್ಪಾಗಿದ್ಯಾ? ನಾವು ಮಾಡಿಟ್ಟ ನಿಯಮವೇ ಸರಿಯಿಲ್ವಾ? ಹೀಗೆ ಕೇಳಿದಾಗಲೇ ಎರಡನೇ ಸುತ್ತು ಶುರು.

ಆದರೆ ಕೇಳೋಕೆ ಧೈರ್ಯ ಬೇಕು, ಅಧಿಕಾರನೂ ಬೇಕು. ರಿಟ್ಜ್-ಕಾರ್ಲ್ಟನ್ ಅನ್ನೋ ಐಷಾರಾಮಿ ಹೋಟೆಲ್‌ಗಳಲ್ಲಿ ಅತಿಥಿಯ ತೊಂದರೆ ಸರಿಪಡಿಸೋಕೆ ಒಬ್ಬ ಸಾಮಾನ್ಯ ನೌಕರನೂ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು. ಪ್ರತಿ ಶಿಫ್ಟಿಗೂ ಮುಂಚೆ ಎಲ್ಲರೂ ಸ್ವಲ್ಪ ಹೊತ್ತು ಒಟ್ಟಿಗೆ ನಿಂತು ಮಾತಾಡ್ತಾರೆ.

ನೀವು ಸೂಪರ್‌ವೈಸರ್ ಆಗಿದ್ರೆ, ನಾಳೆ ಬ್ರೀಫಿಂಗ್‌ನಲ್ಲಿ ಸೂಚನೆ ಬೇಗ ಮುಗಿಸಿ. ಉಳಿದ ಹೊತ್ತಲ್ಲಿ ರೂಮು ಮಾಡೋರನ್ನ ಕೇಳಿ: “ನಿನ್ನೆ ಏನು ಕಂಡ್ರಿ?” ಅವರು ಹೇಳಿದ್ದನ್ನ ಅವರೆದುರೇ ಲಾಗ್‌ಬುಕ್‌ನಲ್ಲಿ ಬರೆದಿಡಿ.