ಫ್ಲಶ್ ಒತ್ತಿದರೂ ಹೋಗದ ನೀರು

ಕೇಳುಗರಿಗೆ ನಮಸ್ಕಾರ.

ಶೌಚಾಲಯದ ಫ್ಲಶ್ ಕೈಕೊಟ್ಟಾಗ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಎರಡೇ ಕೆಲಸ. ಮೊದಲು ಅಂಗಡಿಯಿಂದ ಆಸಿಡ್ ಬಾಟಲಿ ಬರುತ್ತದೆ. ಅದರಿಂದಲೂ ಆಗದಿದ್ದರೆ ಪ್ಲಂಬರ್‌ಗೆ ಫೋನ್ ಹೋಗುತ್ತದೆ. ದೋಷ ಫ್ಲಶ್ ಟ್ಯಾಂಕಿನಲ್ಲಿದೆಯೋ, ಕಮೋಡಿನಲ್ಲಿದೆಯೋ, ಅಥವಾ ಮನೆಯ ಹೊರಗಿನ ಪೈಪಿನಲ್ಲಿದೆಯೋ ಎಂದು ಆ ಹೊತ್ತಿಗೆ ಯಾರೂ ನೋಡಿರುವುದಿಲ್ಲ. ಅದನ್ನು ತಿಳಿಯಲು ಬೇಕಾಗುವುದು ಒಂದು ಬಕೆಟ್ ನೀರು ಮಾತ್ರ.

ಫ್ಲಶ್ ಟ್ಯಾಂಕಿನ ಕೆಲಸ ನೀರು ಕೊಡುವುದಷ್ಟೇ ಅಲ್ಲ, ಆ ನೀರನ್ನು ಒಮ್ಮೆಲೇ ಕೊಡುವುದು. ಕಮೋಡಿನ ತಳದಲ್ಲಿ ಹಾದಿ ಒಮ್ಮೆ ಮೇಲಕ್ಕೆ ಬಾಗಿ ಮತ್ತೆ ಕೆಳಗಿಳಿಯುತ್ತದೆ. ಟ್ರ್ಯಾಪ್ ಎನ್ನುವುದು ಇದನ್ನೇ. ಆ ಬಾಗಿನಲ್ಲಿ ಸುಮಾರು ಎರಡು ಅಂಗುಲ ಆಳದ ನೀರು ಸದಾ ನಿಂತಿದ್ದು, ಮಲದ ಗುಂಡಿಯ ದುರ್ವಾಸನೆ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಇಂಥ ಬಾಗಿದ ಕೊಳವೆಯ ಶೌಚಾಲಯಕ್ಕೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಮೂಲತಃ ಗಡಿಯಾರ ತಯಾರಿಸುವವನು. ಆ ಏರನ್ನು ದಾಟಿ ಎಲ್ಲವೂ ಆಚೆ ಹೋಗಬೇಕಾದರೆ ಐದಾರು ಲೀಟರ್ ನೀರು ಕೆಲವೇ ಸೆಕೆಂಡುಗಳಲ್ಲಿ ನುಗ್ಗಬೇಕು. ಅಷ್ಟೇ ನೀರು ನಿಧಾನವಾಗಿ ಇಳಿದರೆ ಕಮೋಡು ಒದ್ದೆಯಾಗುತ್ತದೆಯೇ ಹೊರತು ಖಾಲಿಯಾಗುವುದಿಲ್ಲ.

ಆದ್ದರಿಂದ ಮೊದಲು ಫ್ಲಶ್ ಗುಂಡಿಯನ್ನು ಮುಟ್ಟದೆ, ಬಕೆಟ್ಟಿನಲ್ಲಿ ಏಳೆಂಟು ಲೀಟರ್ ನೀರು ಹಿಡಿದು, ಮೊಣಕಾಲಿನ ಎತ್ತರದಿಂದ ಕಮೋಡಿನ ಮಧ್ಯಕ್ಕೆ ಧೈರ್ಯವಾಗಿ ಸುರಿಯಿರಿ. ಕಮೋಡಿನ ನೀರು ಮೊದಲೇ ಮೇಲಕ್ಕೆ ಬಂದಿದ್ದರೆ ಮಾತ್ರ ಸುರಿಯಬೇಡಿ. ತುಂಬಿ ಹೊರಗೆ ಚೆಲ್ಲುತ್ತದೆ. ಸುರಿದ ನೀರು ಸರ್ರನೆ ಹೋಗಿ ಕಮೋಡು ಸ್ವಚ್ಛವಾದರೆ, ಕೆಳಗಿನ ಹಾದಿ ಸರಿಯಾಗಿದೆ, ದೋಷ ಟ್ಯಾಂಕಿನಲ್ಲಿ ಅಥವಾ ಕಮೋಡಿನ ಅಂಚಿನ ರಂಧ್ರಗಳಲ್ಲಿದೆ ಎಂದು ಖಚಿತ. ನೀರು ಮೇಲೇರಿ, ನಿಂತು, ಆಮೇಲೆ ಮೆಲ್ಲಗೆ ಇಳಿದರೆ ಕಟ್ಟಿಕೊಂಡಿರುವುದು ಹಾದಿಯೇ. ಆಗ ಟ್ಯಾಂಕನ್ನು ಬಿಚ್ಚಿ ಫಲವಿಲ್ಲ. ಫ್ಲಶ್ ಆಗುತ್ತಿಲ್ಲವೆಂಬ ಮಾತು ಕೇಳಿದ ಕೂಡಲೇ ಹೊಸ ಟ್ಯಾಂಕ್ ಹಾಕಿಸಿ ಎನ್ನುವವರಿಗೂ ಈ ಪರೀಕ್ಷೆಯನ್ನು ಅವರ ಎದುರಿನಲ್ಲೇ ಮಾಡಿ ತೋರಿಸಬಹುದು.

ದೋಷ ಟ್ಯಾಂಕಿನದೆಂದು ತಿಳಿದರೆ ಮುಚ್ಚಳ ತೆಗೆದು ನೋಡಿ. ಒಳಗೆ ನೀರಿನ ಮಟ್ಟದ ಗುರುತು ಇರುತ್ತದೆ. ನೀರು ಅದಕ್ಕಿಂತ ಕೆಳಗೇ ನಿಲ್ಲುತ್ತಿದ್ದರೆ ತೇಲುವ ಬಾಲ್ ಅಥವಾ ಫ್ಲೋಟ್ ತಗ್ಗಿದೆಯೆಂದರ್ಥ. ಅದರ ಸ್ಕ್ರೂ ತಿರುಗಿಸಿ ಮಟ್ಟ ಏರಿಸಬಹುದು. ನೀರು ಉಳಿಸಲೆಂದು ಟ್ಯಾಂಕಿನೊಳಗೆ ಇಟ್ಟಿಗೆಯನ್ನೋ ತುಂಬಿದ ಬಾಟಲಿಯನ್ನೋ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಹತ್ತು ಲೀಟರಿನ ಹಳೆಯ ಟ್ಯಾಂಕುಗಳಿಗೆ ಅದು ಸರಿಯಿರಬಹುದು; ಮೂರು ಮತ್ತು ಆರು ಲೀಟರಿನ ಎರಡು ಫ್ಲಶ್ ಗುಂಡಿಗಳ ಈಗಿನ ಟ್ಯಾಂಕಿನಲ್ಲಿ ಮಾತ್ರ ಅದು ಉಳಿತಾಯವಲ್ಲ, ಏಕೆಂದರೆ ಒಮ್ಮೆಗೆ ಹೋಗದ್ದಕ್ಕೆ ಎರಡು ಸಲ ಒತ್ತಬೇಕಾಗುತ್ತದೆ. ಟ್ಯಾಂಕು ತುಂಬುವುದೇ ತಡವಾದರೆ ಗೋಡೆಯ ಬಳಿಯ ಆಂಗಲ್ ಕಾಕ್ ಎಂಬ ಪುಟ್ಟ ನಲ್ಲಿ ಪೂರ್ತಿ ತೆರೆದಿದೆಯೇ ನೋಡಿ. ತೆರೆದಿದ್ದರೂ ನೀರು ಸಣ್ಣಗೆ ಬರುತ್ತಿದ್ದರೆ ಅದನ್ನು ಮುಚ್ಚಿ, ಕನೆಕ್ಷನ್ ಪೈಪ್ ಬಿಚ್ಚಿ, ಒಳಗಿನ ಪುಟ್ಟ ಜಾಲರಿಯನ್ನು ತೊಳೆಯಿರಿ. ಬೋರಿನ ಮರಳು ಬಂದು ಕೂರುವುದು ಅಲ್ಲಿಯೇ.

ಟ್ಯಾಂಕಿನ ತಳದ ರಬ್ಬರ್ ವಾಷರ್ ಗಡುಸಾಗಿ ಬಿರಿದಿದ್ದರೆ ಒಳಗಿನ ನೀರು ಸದ್ದಿಲ್ಲದೆ ಸೋರಿಹೋಗುತ್ತಿರುತ್ತದೆ. ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಗಳನ್ನು ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ನೀರಿಗೆ ನೀಲಿ ಬಂದರೆ ವಾಷರ್ ಬದಲಿಸಬೇಕು. ವಾಷರ್ ಅಗ್ಗದ ವಸ್ತು; ಸೋರಿಹೋಗುವ ನೀರು ಅಗ್ಗದ್ದಲ್ಲ, ಅದರಲ್ಲೂ ಓವರ್‌ಹೆಡ್ ಟ್ಯಾಂಕನ್ನು ಮೋಟರ್ ಹಾಕಿ ತುಂಬಿಸುವ ಮನೆಗಳಲ್ಲಿ.

ಇನ್ನು ನಮ್ಮ ಸೀಮೆಯ ವಿಶೇಷ ತೊಂದರೆಗೆ ಬರುತ್ತೇನೆ. ದಾವಣಗೆರೆಗೆ ತುಂಗಭದ್ರೆಯ ನೀರು ಬರುತ್ತದೆ, ಚಿತ್ರದುರ್ಗಕ್ಕೆ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ನೀರು ಬರುತ್ತದೆ. ಆದರೆ ಆ ನೀರನ್ನು ಕುಡಿಯಲು, ಅಡುಗೆಗೆ ಎತ್ತಿಟ್ಟುಕೊಂಡು ಶೌಚಾಲಯಕ್ಕೆ ಬೋರಿನ ನೀರನ್ನೇ ಬಿಡುವ ಮನೆಗಳು ಬಹಳ. ಬೋರಿನ ನೀರು ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶ, ನೀರು ತೊಟ್ಟಿಕ್ಕಿ ಒಣಗುವ ಕಡೆಯಲ್ಲೆಲ್ಲ ಕಲ್ಲಾಗಿ ಕೂರುತ್ತದೆ. ಹಂಡೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಪದರವೂ ಇದೇ. ಕಮೋಡಿನ ಅಂಚಿನ ಕೆಳಗೆ ಸುತ್ತಲೂ ಸಾಲಾಗಿ ಸಣ್ಣ ರಂಧ್ರಗಳಿರುತ್ತವೆ. ಟ್ಯಾಂಕಿನ ನೀರು ಇಳಿಯುವುದು ಅವುಗಳ ಮೂಲಕ. ನಿಂತು ನೋಡಿದರೆ ಅವು ಕಾಣುವುದಿಲ್ಲ. ಚಿಕ್ಕ ಕೈಗನ್ನಡಿಯನ್ನು ಅಂಚಿನ ಕೆಳಗೆ ಹಿಡಿದು ಟಾರ್ಚ್ ಬಿಟ್ಟರೆ, ಬೋರಿನ ನೀರು ಬಳಸುವ ಮನೆಯಲ್ಲಿ, ಕೆಲವು ರಂಧ್ರಗಳು ಪೂರ್ತಿ ಮುಚ್ಚಿರುವುದೂ ಉಳಿದವುಗಳ ಬಾಯಿಗೆ ಹಳದಿ ಬೆರೆತ ಬಿಳಿಯ ಹರಳು ಕಟ್ಟಿರುವುದೂ ಕಾಣಬಹುದು. ಟ್ಯಾಂಕು ತುಂಬಿದ್ದರೂ ನೀರು ಒಂದೇ ಬದಿಯಲ್ಲಿ ಇಳಿಯುತ್ತಿದ್ದರೆ ಕಾರಣ ಇದೇ.

ಇದಕ್ಕೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಸಾಕು. ಆಂಗಲ್ ಕಾಕ್ ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ, ಬಿಸಿನೀರಿನಲ್ಲಿ ದಟ್ಟವಾಗಿ ಕರಗಿಸಿದ ನಿಂಬೆ ಉಪ್ಪಿನಲ್ಲಿ ಹಳೆಯ ಬಟ್ಟೆಯ ಪಟ್ಟಿಗಳನ್ನು ನೆನೆಸಿ, ಅಂಚಿನ ಕೆಳಗೆ ಒತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಟ್ಟಿಗಳನ್ನು ಒಂದೂ ಬಿಡದೆ ತೆಗೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ರಂಧ್ರಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಮೊಳೆಯಿಂದಲೋ ತಂತಿಯಿಂದಲೋ ಕೆರೆದರೆ ಕಮೋಡಿನ ಹೊಳಪು ಕಿತ್ತು, ಕೊಳೆ ಅಲ್ಲಿಯೇ ಹಿಡಿಯತೊಡಗುತ್ತದೆ.

ಬಾಟಲಿಯ ಆಸಿಡ್ ಕೂಡ ಸುಣ್ಣವನ್ನು ಕರಗಿಸುತ್ತದೆಂಬುದು ನಿಜ. ಆದರೆ ಅದು ಟೈಲ್ಸ್ ನಡುವಿನ ಸಿಮೆಂಟನ್ನೂ ನಲ್ಲಿಯ ಲೋಹವನ್ನೂ ತಿನ್ನುತ್ತದೆ. ಗುಂಡಿಗೆ ಇಳಿದರೆ ಅಲ್ಲಿ ಮಲವನ್ನು ಕೊಳೆಯಿಸುವ ಜೀವಾಣುಗಳಿಗೆ ಪೆಟ್ಟು ಕೊಡುತ್ತದೆ. ಹಾದಿಯಲ್ಲಿ ಸಿಕ್ಕಿದ ಬಟ್ಟೆ, ಪ್ಯಾಡ್, ಗುಟ್ಕಾ ಚೀಟಿ ಇವಾವುವೂ ಆಸಿಡ್‌ಗೆ ಕರಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲೀಚಿಂಗ್ ಪೌಡರ್ ಹಾಕಿದ ಕಮೋಡಿಗೆ ಯಾವ ಕಾರಣಕ್ಕೂ ಆಸಿಡ್ ಸುರಿಯಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಇಕ್ಕಟ್ಟಾದ ಶೌಚಾಲಯದಲ್ಲಿ ಅದು ಉಸಿರನ್ನೇ ಕಟ್ಟಿಸುತ್ತದೆ.

ಬಕೆಟ್ ನೀರು ಇಳಿಯದಿದ್ದರೆ ಬಚ್ಚಲಿನ ಕಡೆಗೂ ಕಿವಿಗೊಡಿ. ಕಮೋಡಿಗೆ ನೀರು ಹಾಕಿದಾಗ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದಾಗದೆ, ಅಲ್ಲಿನ ನೀರು ಎಂದಿನಂತೆ ಹೋಗುತ್ತಿದ್ದರೆ ಅಡ್ಡಿ ಹತ್ತಿರದಲ್ಲೇ, ಟ್ರ್ಯಾಪಿನಲ್ಲಿದೆ. ಹಿಡಿಕೆಯಿರುವ ರಬ್ಬರ್ ಪಂಪನ್ನು ಕಮೋಡಿನ ತಳದ ತೂತಿನ ಬಾಯಿಗೆ ಗಾಳಿಯಾಡದಂತೆ ಕೂರಿಸಿ, ಒತ್ತುವುದಕ್ಕಿಂತ ಎಳೆಯುವುದಕ್ಕೆ ಹೆಚ್ಚು ಬಲ ಕೊಡಿ. ಸಿಕ್ಕಿರುವ ವಸ್ತು ಮುಂದಕ್ಕೆ ಹೋಗುವುದಕ್ಕಿಂತ ಹಿಂದಕ್ಕೆ ಬರುವುದೇ ಲೇಸು. ಕುದಿಯುವ ನೀರು ಬೇಡ, ಕಮೋಡು ಬಿರುಕು ಬಿಡಬಹುದು.

ಬಚ್ಚಲಿನಲ್ಲೂ ನೀರು ಉಕ್ಕಿದರೆ ಮನೆಯ ಕೊಳಚೆ ಪೈಪು ಬಂದು ಸೇರುವ ಹೊರಗಿನ ಚೇಂಬರಿನ ಮುಚ್ಚಳ ತೆರೆಸಬೇಕು. ಚೇಂಬರ್ ಒಣಗಿದ್ದರೆ ಅಡ್ಡಿ ಮನೆಗೂ ಚೇಂಬರಿಗೂ ನಡುವಿನ ಪೈಪಿನಲ್ಲಿದೆ. ತುಂಬಿ ನಿಂತಿದ್ದರೆ ಅದರಿಂದಾಚೆಗಿದೆ. ಒಳಚರಂಡಿ ಸಂಪರ್ಕವಿರುವ ಬಡಾವಣೆಯವರು ಆಗ ದಾವಣಗೆರೆಯಲ್ಲಾದರೆ ಪಾಲಿಕೆಗೆ, ಚಿತ್ರದುರ್ಗದಲ್ಲಾದರೆ ನಗರಸಭೆಗೆ ದೂರು ಕೊಡಬೇಕು. ಗುಂಡಿಯಿರುವ ಮನೆಯವರು ಮೊದಲು ಗಾಳಿ ಕೊಳವೆಯ ಬಾಯಿ ಮುಚ್ಚಿದೆಯೇ ನೋಡಿ, ಆಮೇಲೆ ಗುಂಡಿ ಬರಿದು ಮಾಡಿಸಿ ಎಷ್ಟು ವರ್ಷವಾಯಿತೆಂದು ನೆನಪಿಸಿಕೊಳ್ಳಬೇಕು. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರದ ವಾಹನ ತರಿಸಿಯೇ ಖಾಲಿ ಮಾಡಿಸಬೇಕು. ಗುಂಡಿಯೊಳಗಿನ ವಿಷಾನಿಲಕ್ಕೆ ಮನುಷ್ಯ ಕ್ಷಣದಲ್ಲಿ ಎಚ್ಚರ ತಪ್ಪುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಒಳಗಿಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿಯುತ್ತೇನೆಂದು ಅವರೇ ಒಪ್ಪಿದರೂ, ಕೂಲಿ ಹೆಚ್ಚು ಕೊಟ್ಟರೂ ಅದು ಅಪರಾಧವೇ. ಮಳೆಗಾಲದಲ್ಲಿ ಸುತ್ತಲಿನ ನೆಲ ನೀರು ಹೀರದೆ ಗುಂಡಿಗಳು ಒಟ್ಟಿಗೇ ಉಕ್ಕುವುದರಿಂದ ವಾಹನ ಸಿಗುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲೇ ಆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ನಮಸ್ಕಾರ.